ಪ್ಯಾಡೆಲ್ ಕಲಿಯುವವರಿಗೆ: ಚೆಂಡು ಗಾಜಿಗೆ ಬಡಿದು ಬರಲಿ, ತಡೀರಿ

ಪ್ಯಾಡೆಲ್ ಅಂದರೆ ಗಾಜು, ತಂತಿಜಾಳಿಗೆ ಸುತ್ತುವರಿದ ಅಂಕಣದಲ್ಲಿ ಆಡುವ ರ‍್ಯಾಕೆಟ್ ಆಟ. ನಮ್ಮ ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯಿಂದ ಪ್ಯಾಡೆಲ್‌ಗೆ ಬರುವ ಬಹಳ ಮಂದಿಯ ಕೈ ಪಳಗಿದ್ದು ಗಲ್ಲಿ ಕ್ರಿಕೆಟ್‌ನಲ್ಲಿ, ಇಲ್ಲವೇ ಶಟಲ್‌ನಲ್ಲಿ. ಎರಡರಲ್ಲೂ ಚೆಂಡೋ ಕಾಕೋ ನಮ್ಮನ್ನು ದಾಟಿತೆಂದರೆ ಮುಗಿಯಿತು. ಪ್ಯಾಡೆಲ್‌ನಲ್ಲಿ ಹಾಗಲ್ಲ, ಬೆನ್ನ ಹಿಂದೆ 3 ಮೀಟರ್ ಎತ್ತರದ ಗಾಜಿದೆ, ಅದಕ್ಕೆ ಬಡಿದು ಚೆಂಡು ವಾಪಸ್ ಬರುತ್ತದೆ. ಇದು ಮೊದಲ ದಿನವೇ ತಲೆಗೆ ಹೋಗುತ್ತದೆ, ಆದರೆ ಕಾಲಿಗೆ ಇಳಿಯಲು ಹೊತ್ತು ಹಿಡಿಯುತ್ತದೆ. ಹೊಸಬರು ಕಳೆದುಕೊಳ್ಳುವ ಪಾಯಿಂಟ್‌ಗಳಲ್ಲಿ ಹೆಚ್ಚಿನವು ಗಾಜಿಗೆ ಬಿಡಬೇಕಾದ ಚೆಂಡಿಗೆ ಗಡಿಬಿಡಿಯಿಂದ ಕೈ ಹಾಕಿದ್ದರಿಂದಲೇ ಹೋಗುತ್ತವೆ.

ಅಂಕಣ 20 ಮೀಟರ್ ಉದ್ದ, 10 ಮೀಟರ್ ಅಗಲ. ನೆಟ್ ನಡುವೆ 88 ಸೆಂ.ಮೀ., ತುದಿಗಳಲ್ಲಿ 92 ಸೆಂ.ಮೀ. ಸರ್ವಿಸ್ ಗೆರೆ ನೆಟ್‌ನಿಂದ 6.95 ಮೀಟರ್, ಅಂದರೆ ಆ ಗೆರೆಗೂ ಹಿಂದಿನ ಗಾಜಿಗೂ ನಡುವೆ ಉಳಿಯುವುದು 3 ಮೀಟರ್ ಮತ್ತು 5 ಸೆಂ.ಮೀ. ಹಿಂದೆ ನಿಂತು ಆಡುವಾಗ ನಿಮ್ಮ ಸಂಸಾರವೆಲ್ಲ ಈ ಮೂರು ಮೀಟರಿನೊಳಗೆ. ಆಟ ಡಬಲ್ಸ್, ಎಣಿಕೆ ಟೆನಿಸ್‌ನಂತೆ 15, 30, 40.

ನಿಯಮ ಗಲ್ಲಿ ಭಾಷೆಯಲ್ಲಿ ಹೇಳಿದರೆ ಬೇಗ ಹತ್ತುತ್ತದೆ. ಚೆಂಡು ಎದುರಿನವರ ನೆಲದ ಮೇಲೆ ಮೊದಲು ಒಂದು ಟಪ್ಪಾ ಬೀಳಲೇಬೇಕು. ಟಪ್ಪಾ ಬೀಳದೆ ನೇರ ಅವರ ಗಾಜಿಗೋ ತಂತಿಜಾಳಿಗೆಗೋ ಬಡಿದರೆ ನಿಮ್ಮ ಪಾಯಿಂಟ್ ಹೋಯಿತು. ಟಪ್ಪಾ ಆದ ಮೇಲೆ ಎಲ್ಲಿಗೆ ಬೇಕಾದರೂ ಬಡಿಯಲಿ, ಎರಡನೇ ಟಪ್ಪಾಕ್ಕೆ ಮೊದಲು ಅವರು ಹೊಡೆಯಬೇಕು. ಹಿಂದೆ ಜಾಗ ಸಾಲದಾದರೆ ನಿಮ್ಮದೇ ಕಡೆಯ ಗಾಜಿಗೆ ಹೊಡೆದು ಅಲ್ಲಿಂದ ಚೆಂಡನ್ನು ನೆಟ್ ದಾಟಿಸಬಹುದು, ನಿಮ್ಮ ಕಡೆಯ ಜಾಳಿಗೆಗೆ ಮಾತ್ರ ತಾಗಿಸುವಂತಿಲ್ಲ.

ಸರ್ವಿಸ್‌ನಲ್ಲಿ ತೋಳಿನ ಬಲ ಬೇಕಿಲ್ಲ. ಗೆರೆಯ ಹಿಂದೆ ನಿಂತು ಚೆಂಡನ್ನು ನೆಲಕ್ಕೆ ಪುಟಿಸಿ, ಸೊಂಟದ ಮಟ್ಟದಲ್ಲೋ ಅದಕ್ಕಿಂತ ಕೆಳಗೋ ಇರುವಾಗ ಎದುರಿನ ಕರ್ಣದ ಚೌಕಕ್ಕೆ ಕಳಿಸಿ. ಎರಡು ಅವಕಾಶ ಸಿಗುತ್ತವೆ. ಚೌಕದಲ್ಲಿ ಬಿದ್ದು ಗಾಜಿಗೆ ಹೋದರೆ ಸರಿ, ಜಾಳಿಗೆಗೆ ಬಡಿದರೆ ಫಾಲ್ಟ್. ಹೊಡೆದ ಕೂಡಲೇ ನೆಟ್ ಕಡೆ ನಡೆಯಿರಿ. ಜೋರಾಗಿ ಸರ್ವ್ ಮಾಡಿದರೆ ಚೆಂಡು ಅಷ್ಟೇ ಬೇಗ ವಾಪಸ್ ಬಂದು ಅರ್ಧ ದಾರಿಯಲ್ಲಿ ನಿಮ್ಮ ಕಾಲಬುಡಕ್ಕೆ ಬೀಳುತ್ತದೆ. ನಿಧಾನದ ಸರ್ವಿಸ್ ನಿಮಗೆ ನಡೆಯಲು ಹೊತ್ತು ಕೊಡುತ್ತದೆ.

ಇನ್ನು ಗಾಜು. ಕೇರಂ ಆಡಿದವರಿಗೆ ಲೆಕ್ಕ ಹೊಸದಲ್ಲ: ಎಷ್ಟು ಓರೆಯಾಗಿ ಹೋಗಿ ಬಡಿಯುತ್ತದೋ ಅಷ್ಟೇ ಓರೆಯಾಗಿ ಹೊರಳಿ ಬರುತ್ತದೆ. ಮೊದಲ ಇಪ್ಪತ್ತು ಚೆಂಡು ರ‍್ಯಾಕೆಟ್ ಇಲ್ಲದೆ ಕಲಿಯಿರಿ. ಜೊತೆಗಾರ ನೆಟ್ ಬಳಿಯಿಂದ ಕೈಯಲ್ಲೇ ಚೆಂಡೆಸೆಯಲಿ. ನೀವು ಸರ್ವಿಸ್ ಗೆರೆಯಿಂದ ಒಂದು ಹೆಜ್ಜೆ ಹಿಂದೆ ನಿಂತು, ಚೆಂಡು ದಾಟುವಾಗ ಅದರ ಜೊತೆಗೇ ಪಕ್ಕಕ್ಕೆ ತಿರುಗಿ. ಟಪ್ಪಾ, ಗಾಜು, ವಾಪಸ್, ಆಮೇಲೆ ನಿಮ್ಮ ಮುಂದೆ ಸೊಂಟಕ್ಕಿಂತ ಕೆಳಗೆ ಹಿಡಿಯಿರಿ. ಮುಂದಿನ ಇಪ್ಪತ್ತನ್ನು ರ‍್ಯಾಕೆಟ್‌ನಿಂದ ಮೆಲ್ಲಗೆ ಮೇಲೆತ್ತಿ ಕಳಿಸಿ. ಇಲ್ಲಿ ಎಲ್ಲರೂ ಮಾಡುವ ತಪ್ಪು ಗಾಜಿಗೆ ಬೆನ್ನು ಹಚ್ಚಿ ನಿಲ್ಲುವುದು. ಬಡಿದ ಚೆಂಡು ನೇರ ಮೈಗೆ ಬರುತ್ತದೆ, ಕೈ ಆಡಿಸಲು ಜಾಗವೇ ಇರುವುದಿಲ್ಲ. ಇನ್ನೊಂದು, ಕಾಲು ನೆಟ್ಟು ನಿಂತು ಕೈಯನ್ನಷ್ಟೇ ಚಾಚುವುದು. ಗಾಜಿನಿಂದ ಹೊರಟ ಚೆಂಡಿನ ಜೊತೆ ನೀವೂ ನೆಟ್ ಕಡೆ ಒಂದೆರಡು ಹೆಜ್ಜೆ ಸಣ್ಣಗೆ ಸರಿಯಬೇಕು. ಬದಿಯ ಗಾಜೂ ಹಿಂದಿನ ಗಾಜೂ ಕೂಡುವ ಮೂಲೆಯ ಚೆಂಡುಗಳನ್ನು ಮೊದಲ ತಿಂಗಳು ಬಿಟ್ಟುಬಿಡಿ, ಅದಕ್ಕಾಗಿ ಬೇಜಾರು ಬೇಡ.

ಹಿಡಿತ ಸುತ್ತಿಗೆ ಹಿಡಿದಂತಿರಲಿ. ಬ್ಯಾಟ್ ಬೀಸಿದಂತೆ ಹಿಂದಕ್ಕೆ ಎಳೆದು ಹೊಡೆದರೆ ಚೆಂಡು ನೇರ ಎದುರಿನ ಗಾಜಿಗೇ ಬಡಿಯುತ್ತದೆ. ಶಟಲ್‌ನವರದು ಬೇರೆ ರೋಗ, ಮಣಿಕಟ್ಟು ಝಾಡಿಸುತ್ತಾರೆ. ಇಲ್ಲಿ ಮಣಿಕಟ್ಟು ಗಟ್ಟಿ, ಬೀಸು ಗಿಡ್ಡ. ಇಬ್ಬರೂ ಒಟ್ಟಿಗೆ ಮುಂದೆ, ಇಬ್ಬರೂ ಒಟ್ಟಿಗೆ ಹಿಂದೆ. ಒಬ್ಬ ನೆಟ್‌ನಲ್ಲಿ, ಇನ್ನೊಬ್ಬ ಗಾಜಿನ ಹತ್ತಿರ ನಿಂತರೆ ನಡುವಿನ ಓರೆ ಜಾಗ ಎದುರಾಳಿಗೆ ಹಬ್ಬದೂಟ. ಹಿಂದೆ ಸಿಕ್ಕಿಬಿದ್ದಾಗ ಸ್ಮ್ಯಾಶ್ ಆಸೆ ಬಿಟ್ಟು ಅವರ ತಲೆ ಮೇಲಿಂದ ಎತ್ತರದ ಲಾಬ್ ಕೊಡಿ. ಅವರು ಹಿಂದೆ ಓಡುವಾಗ ನೀವು ನೆಟ್ ಹಿಡಿಯಬಹುದು.

ರ‍್ಯಾಕೆಟ್‌ಗೆ ದಾರ ಇರುವುದಿಲ್ಲ, ರಂಧ್ರಗಳಿರುವ ಗಟ್ಟಿ ಹಲಗೆ, ಒಳಗೆ ಫೋಮ್. ಹೊಸಬರಿಗೆ ದುಂಡು ಆಕಾರದ್ದು, 350ರಿಂದ 365 ಗ್ರಾಂ, ಮೈ ಫೈಬರ್‌ಗ್ಲಾಸ್, ಫೋಮ್ ಮೆತ್ತಗಿನದು. ವಜ್ರಾಕಾರದ ಗಟ್ಟಿ ಕಾರ್ಬನ್ ರ‍್ಯಾಕೆಟ್‌ನ ಭಾರ ತಲೆಯ ಕಡೆ ಇರುತ್ತದೆ. ನಡುವೆ ತಾಗದ ಪ್ರತಿ ಹೊಡೆತದ ಅದುರು ಮೊಣಕೈಗೆ ಹೋಗುತ್ತದೆ, ಅಂಗಡಿಯಲ್ಲಿ ಎಷ್ಟು ಚೆಂದ ಕಂಡರೂ ಬೇಡ. ಮಣಿಕಟ್ಟಿನ ಲಾಡಿ ಕಡ್ಡಾಯ. ದಪ್ಪ ಮೆತ್ತನೆ ಅಡಿಯ ಓಟದ ಶೂ ಹಾಕಿದರೆ ಬದಿಗೆ ಹೊರಳುವಾಗ ಪಾದದ ಕೀಲು ಉಳುಕುತ್ತದೆ. ಅಂಕಣದ ಕೃತಕ ಹುಲ್ಲುಹಾಸಿನ ಮೇಲೆ ಮರಳು ಇರುವುದರಿಂದ ಹೆರಿಂಗ್‌ಬೋನ್ (ಮೀನಿನ ಮುಳ್ಳಿನಂಥ ಓರೆ) ಗೆರೆಯ ಅಡಿ ಇರುವ ಶೂ ಬೇಕು.

ಚೆಂಡಿನ ಬಗ್ಗೆ ನಮ್ಮ ಕಡೆಗೆ ಹೊಂದುವ ಒಂದು ಮಾತು. ನಿಯಮದಂತೆ 2.54 ಮೀಟರ್‌ನಿಂದ ಬಿಟ್ಟ ಚೆಂಡು 135ರಿಂದ 145 ಸೆಂ.ಮೀ. ಪುಟಿಯಬೇಕು. ಸಮುದ್ರಮಟ್ಟದಿಂದ 500 ಮೀಟರ್‌ಗಿಂತ ಎತ್ತರದ ಊರುಗಳಲ್ಲಿ ಚೆಂಡು ಹೆಚ್ಚು ಪುಟಿಯುವುದರಿಂದ ಅದಕ್ಕಿಂತ ಕಡಿಮೆ ಪುಟಿಯುವ ಚೆಂಡಿಗೂ ಅನುಮತಿ ಇದೆ. ನಮ್ಮ ಮೂರೂ ಊರು ಆ ಎತ್ತರದ ಮೇಲಿವೆ, ಬೆಳಗಾವಿಯಂತೂ ಸುಮಾರು 750 ಮೀಟರ್. ಮೇಲಿಂದ ಏಪ್ರಿಲ್ ಬಿಸಿಲು ಚೆಂಡಿನೊಳಗಿನ ಗಾಳಿಯನ್ನು ಕಾಯಿಸಿ ಇನ್ನೂ ಪುಟಿಸುತ್ತದೆ. ಹೊಸ ಡಬ್ಬಿ ಒಡೆದ ದಿನ ಚೆಂಡು ಗಾಜಿನಿಂದ ತೀರಾ ದೂರ ಜಿಗಿಯುತ್ತಿದ್ದರೆ ತಪ್ಪು ನಿಮ್ಮದಲ್ಲ, ಒಂದು ಹೆಜ್ಜೆ ಮುಂದೆ ನಿಲ್ಲಿ. ವಿಜಯಪುರ, ಬಾಗಲಕೋಟೆಯ ಬೇಸಿಗೆಯಲ್ಲಿ ಬೆಳಗ್ಗೆ 8ರೊಳಗೆ ಇಲ್ಲವೇ ದೀಪ ಹಚ್ಚಿದ ಮೇಲೆ ಆಡುವುದು ಲೇಸು.

ಬೆಳಗಾವಿ ಮಳೆಗಾಲದ್ದು ಬೇರೆ ಕಥೆ. ಒದ್ದೆ ಗಾಜಿಗೆ ಬಡಿದ ಚೆಂಡು ಪುಟಿಯದೆ ಜಾರಿ ಕೆಳಗಿಳಿಯುತ್ತದೆ, ನೆನೆದ ಚೆಂಡು ಭಾರವಾಗಿ ಸಾಯುತ್ತದೆ. ಆಟಕ್ಕೆ ಮೊದಲು ವೈಪರ್‌ನಿಂದ ಗಾಜು ಒರೆಸಿ, ಹಳೆಯ ಚೆಂಡುಗಳನ್ನೇ ಬಳಸಿ. ರ‍್ಯಾಕೆಟ್ ಮಾತ್ರ ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಾಗಲಿ ಸ್ಕೂಟರ್ ಡಿಕ್ಕಿಯಲ್ಲಾಗಲಿ ಬಿಡಬೇಡಿ. ಒಳಗಿನ ಫೋಮ್ ಕಾದು ಸಡಿಲವಾಗುತ್ತದೆ, ಮೇಲೆ ಬಿರುಕು ಕಾಣದಿದ್ದರೂ ಹೊಡೆತದ ಸದ್ದು ಮಂದವಾಗಿರುತ್ತದೆ.