ಸುಶೆಗಾದ್ ಎಂದರೆ ಸೋಮಾರಿತನವೇ?

ಊರಿನಿಂದ ಮಡಗಾಂವಿಗೆ ಬಂದ ನೆಂಟರು ಮಧ್ಯಾಹ್ನ ಪೇಟೆಗೆ ಹೋಗಿ ಬರಿಗೈಯಲ್ಲಿ ಮರಳಿದರೆಂದರೆ ಪ್ರಶ್ನೆ ಬಂದೇ ಬರುತ್ತದೆ: "ಗೋವಾದವರು ಇಷ್ಟೇಕೆ ಸೋಮಾರಿಗಳು? ಸುಶೆಗಾದ್ ಅನ್ನುವುದು ಇದಕ್ಕೇ ಅಲ್ಲವೇ?" ಒಂದು ಗಂಟೆಗೆ ಬಾಗಿಲೆಳೆದ ಅಂಗಡಿ ಮೂರೂವರೆ, ನಾಲ್ಕರವರೆಗೂ ತೆರೆಯದಿದ್ದರೆ ಹುಬ್ಬಳ್ಳಿಯ ವ್ಯಾಪಾರಿಗೆ ಹೊಟ್ಟೆ ಉರಿಯುವುದು ಸಹಜ.

ಅಲ್ಲ, ಅದಕ್ಕಲ್ಲ. ಶಾಂತ, ನಿರಾಳ ಎಂಬ ಅರ್ಥದ ಪೋರ್ಚುಗೀಸಿನ 'ಸೊಸೆಗಾದು' ಕೊಂಕಣಿಗರ ಬಾಯಲ್ಲಿ ಸುಶೆಗಾದ್ ಆಯಿತು. ಸೋಮಾರಿಯನ್ನು ಬೈಯಲು ಕೊಂಕಣಿಯಲ್ಲಿ ಬೇರೆಯೇ ಪದವಿದೆ: ಆಳ್ಶಿ. ನಮ್ಮ ಆಲಸಿಗೆ ಒಡಹುಟ್ಟು. ಕೆಲಸವಿದ್ದೂ ಮೈಗಳ್ಳತನ ಮಾಡುವವನು ಆಳ್ಶಿ. ಸಾಲ ತೀರಿಸಿ, ಮಕ್ಕಳನ್ನು ದಡ ಸೇರಿಸಿ, ಸಂಜೆ ಮನೆ ಮುಂದಿನ ಜಗುಲಿಯಲ್ಲಿ ಕಾಲು ಚಾಚಿದವರು ಸುಶೆಗಾದ್. ಅಂಥವರ ಬಗ್ಗೆ ಈ ಮಾತಾಡುವ ನೆರೆಯವರ ದನಿಯಲ್ಲಿ ತುಸು ಅಸೂಯೆ ಇರಬಹುದು, ತಾತ್ಸಾರವಂತೂ ಇರುವುದಿಲ್ಲ. ಧಾರವಾಡದಲ್ಲಿ "ಆರಾಮ ಇದ್ದೀರಾ?" ಎಂದು ಕೇಳಿದವರನ್ನು ನಾವು "ನನ್ನನ್ನು ಸೋಮಾರಿ ಎಂದಿರಾ?" ಎಂದು ಜಗಳಕ್ಕೆ ಎಳೆಯುತ್ತೇವೆಯೇ?

ಬೆಳಕು ಹರಿಯುವ ಮೊದಲೇ ಸೈಕಲ್ಲಿನ ಹಾರನ್ ಒತ್ತುತ್ತ ಪಾವು ತರುವ ಪೊದೇರ್ ರಾತ್ರಿಯೆಲ್ಲ ಒಲೆಯ ಮುಂದೆ ಬೆಂದಿರುತ್ತಾನೆ. ಸೇಂದಿ ಇಳಿಸುವ ರೆಂದೇರ್ ಅದೇ ತೆಂಗಿನಮರವನ್ನು ದಿನಕ್ಕೆ ಮೂರು ಬಾರಿ ಹತ್ತುತ್ತಾನೆ. ಆ ಹೊತ್ತಿಗೆ ಸಮುದ್ರತೀರದ ಹೋಟೆಲಿನಲ್ಲಿ ಗೊರಕೆ ಹೊಡೆಯುವ ಪ್ರವಾಸಿಗೆ ಇವರಿಬ್ಬರೂ ಕಾಣುವುದಿಲ್ಲ. ಸೋಮಾರಿತನವನ್ನು ಸವಿಯಲೆಂದೇ ಬಂದವರು ಅದನ್ನು ಊರಿನ ಗುಣವೆಂದು ಬರೆದುಕೊಂಡು ಹೋಗುತ್ತಾರೆ. ಜಾಹೀರಾತಿನವರು ಅದನ್ನೇ ಟೀ ಶರ್ಟಿನ ಮೇಲೆ ಅಚ್ಚು ಹಾಕಿ ಮಾರುತ್ತಾರೆ. ಈಗೀಗ ಗೋವಾದವರೂ, ಕಡತ ಮುಂದಕ್ಕೆ ಹೋಗದಿದ್ದಾಗ, ಸುಶೆಗಾದ್ ಎಂದು ವ್ಯಂಗ್ಯವಾಡುವುದುಂಟು. ಹಾಗೆ ಬಳಸುವ ಹಕ್ಕು ಅವರಿಗಿದೆ.

ನನ್ನ ತಕರಾರು ಬೇರೆ. ಜುವಾರಿನಗರದಲ್ಲೋ ಮಾಪುಸಾದಲ್ಲೋ ಬಾಡಿಗೆ ಕೋಣೆಯಲ್ಲಿರುವ ನಮ್ಮ ಕಡೆಯ ಗೌಂಡಿಗಳಿಗೆ ಈ ಪದ ಎಂದೂ ಒದಗಿ ಬಂದಿಲ್ಲ. ಜಗುಲಿ ಕಟ್ಟಿಕೊಡುವವರು ಅವರು, ಕೂರುವವರು ಇನ್ಯಾರೋ. ಒಂದು ದಿನ ಕುಳಿತರೆ ಆ ದಿನದ ಕೂಲಿ ಹೋಯಿತು. ಮಧ್ಯಾಹ್ನದ ನಿದ್ದೆಗೆ ಸ್ವಂತ ಅಂಗಡಿ ಬೇಕು, ಸ್ವಂತ ಮನೆ ಬೇಕು. ಗೋವಾದವರನ್ನು ಕೇಳುವುದಿದ್ದರೆ ಈ ನಿರಾಳ ಯಾರ ಪಾಲಿಗೆ ಎಂದು ಕೇಳಬೇಕು, ಸೋಮಾರಿತನದ ಪ್ರಶ್ನೆಯನ್ನಲ್ಲ.

ಕನ್ನಡದಲ್ಲಿ ಒಂದೇ ಪದ ಹೇಳಿ ಎಂದು ಪಟ್ಟು ಹಿಡಿದವರಿಗೆ ನಾನು 'ನಿರುಮ್ಮಳ' ಎನ್ನುತ್ತೇನೆ. ಇನ್ನು ನೆಂಟರಿಗೆ: ಔಷಧಿ ಬೇಕಿದ್ದರೆ ಒಂದು ಗಂಟೆಯೊಳಗೆ ತಂದುಬಿಡಿ. ಸಂಜೆ ಹೋಗುವುದಾದರೂ ಆದೀತು, ಅಂಗಡಿಯವರು ಆಗ ಹೆಚ್ಚು ಮಾತಾಡುತ್ತಾರೆ.