ದುಡ್ಡಿಲ್ಲದೆ ವ್ಯಾಪಾರ ಶುರು ಮಾಡಬಹುದಾ?

ಸಣ್ಣ ವ್ಯಾಪಾರಗಳ ಲೆಕ್ಕಪತ್ರ ನೋಡುವ ಕೆಲಸ ನನ್ನದು. ಹೊಸಬರು ಸಿಕ್ಕಾಗಲೆಲ್ಲ ಕೇಳುವುದು ಇದನ್ನೇ: 'ಕೈಯಲ್ಲಿ ಏನೂ ಇಲ್ಲ ಸಾರ್, ಶುರು ಮಾಡಬಹುದಾ?' ನಾನು ಅವರಿಗೆ ರವೆ ಇಡ್ಲಿಯ ಕಥೆ ಹೇಳುತ್ತೇನೆ.

ಎರಡನೇ ಮಹಾಯುದ್ಧದ ಕಾಲ. 1942ರಲ್ಲಿ ಬರ್ಮಾ ಜಪಾನಿನ ಕೈಸೇರಿತು, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಬೆಂಗಳೂರಿನ ಎಂಟಿಆರ್ ಇಡ್ಲಿಗೆ ಹೆಸರಾದ ಹೋಟೆಲು. ಅಕ್ಕಿ ಇಲ್ಲದೆ ಇಡ್ಲಿ ಹೇಗೆ? ಆದರೆ ಇಡ್ಲಿ ತಟ್ಟೆ, ಹಬೆ ಪಾತ್ರೆ, ಕೈ ಪಳಗಿದ ಅಡುಗೆಯವರು, ಬೆಳಗಾದರೆ ಬರುವ ಗಿರಾಕಿಗಳು ಎಲ್ಲಾ ಹಾಗೇ ಇದ್ದರಲ್ವಾ? ಅಕ್ಕಿಯ ಜಾಗಕ್ಕೆ ರವೆ ಬಂತು. ರವೆ ಹುರಿದು, ಸಾಸಿವೆ ಒಗ್ಗರಣೆ ಕೊಟ್ಟು, ಮೊಸರಲ್ಲಿ ಕಲಸಿ, ಚೂರು ಸೋಡಾ ಹಾಕಿ ಅದೇ ತಟ್ಟೆಯಲ್ಲಿ ಬೇಯಿಸಿದರು. ರವೆ ಇಡ್ಲಿ ಹುಟ್ಟಿದ್ದು ಹೀಗೆ ಅಂತ ಎಂಟಿಆರ್‌ನವರು ಹೇಳುತ್ತಾರೆ. ನೆನೆಸುವುದು, ರುಬ್ಬುವುದು, ರಾತ್ರಿಯಿಡೀ ಹುಳಿ ಬರಿಸುವುದು ಯಾವುದೂ ಬೇಡ.

ಮುಂದೆ ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ಹೋಟೆಲ್ ತಿಂಡಿಗೆ ತೀರಾ ಕಡಿಮೆ ದರ ಕಟ್ಟಿತು. ಆ ದರಕ್ಕೆ ಒಳ್ಳೆ ತಿಂಡಿ ಕೊಟ್ಟರೆ ನಷ್ಟ. ಗುಣಮಟ್ಟ ಇಳಿಸಲು ಮನಸ್ಸಿಲ್ಲದೆ ಹೋಟೆಲನ್ನೇ ಮುಚ್ಚಿದರು. ಆಗ ಉಳಿದದ್ದು ಮಸಾಲೆಯ ಹದ ಗೊತ್ತಿದ್ದ ಕೆಲಸಗಾರರು. ಪುಡಿಗಳನ್ನೂ ದಿಢೀರ್ ತಿಂಡಿಯ ಮಿಶ್ರಣಗಳನ್ನೂ ಪೊಟ್ಟಣ ಕಟ್ಟಿ ಮಾರತೊಡಗಿದರು. ಅಕ್ಕಿಯ ಬರದಲ್ಲಿ ಹುಟ್ಟಿದ ರವೆ ಇಡ್ಲಿ ಪೊಟ್ಟಣಕ್ಕೆ ಹೇಳಿ ಮಾಡಿಸಿದಂತಿತ್ತು. ಒಣ ಮಿಶ್ರಣ, ಮನೆಯಲ್ಲಿ ಮೊಸರು ಬೆರೆಸಿದರೆ ಮುಗಿಯಿತು. ಕಥೆ ಹೇಳುತ್ತಾ ಈ ಜಾಗಕ್ಕೆ ಬಂದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಹಾಗಾಗಿ 'ಏನೂ ಇಲ್ಲ' ಅನ್ನುವವರಿಗೆ ನಾನು ಮೊದಲು ಕೇಳುವುದು, ಈಗಾಗಲೇ ದುಡ್ಡು ಕೊಟ್ಟಾಗಿದ್ದೂ ಸುಮ್ನೆ ಬಿದ್ದಿರುವುದು ಏನೇನಿದೆ ಅಂತ. ಮಧ್ಯಾಹ್ನ ಖಾಲಿ ಇರುವ ಒಲೆ, ಬೆಳಿಗ್ಗೆ ಹಾಲು ಹಾಕಿ ಆಮೇಲೆ ನಿಂತಿರುವ ಗಾಡಿ, ನಿಮ್ಮನ್ನು ನಂಬುವ ಹತ್ತು ಮನೆ. ಬರೆದು ನೋಡಿದರೆ ಎಣಿಸಿದ್ದಕ್ಕಿಂತ ಜಾಸ್ತಿಯೇ ಸಿಗುತ್ತದೆ.

ಆದರೆ ಎಲ್ಲ ಕೊರತೆಗೂ ಇದು ಮದ್ದಲ್ಲ. ಸಾಮಾನು ಕೊಟ್ಟು ಎರಡು ತಿಂಗಳು ಅಂಗಡಿಯವರ ದುಡ್ಡಿಗೆ ಕಾಯಬೇಕಾದ ವ್ಯಾಪಾರದಲ್ಲಿ ಜಾಣತನ ಸಾಲದು, ಕೈಯಲ್ಲಿ ಕಾಸು ಬೇಕು. ಅಂಥವರಿಗೆ ನಾನು, ಬ್ಯಾಂಕ್ ಸಾಲ ಮಂಜೂರಾದ ಮೇಲೇ ಶುರು ಮಾಡಿ ಅಂತ ನೇರವಾಗಿ ಹೇಳುತ್ತೇನೆ.