ಲಿನಕ್ಸ್‌ನಲ್ಲಿ ಡಿವೈಸ್ ಹೆಸರು ಕಾಣದಿದ್ದರೆ ಮೊದಲು ನಂಬರ್ ನೋಡಿ

ಕಂಪನಿಗಳು ಬಳಸಿ ಬಿಟ್ಟ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡು ಅದಕ್ಕೆ ಉಬುಂಟು ಅಥವಾ ಡೆಬಿಯನ್ ಎಂಬ ಲಿನಕ್ಸ್ ಹಾಕಿಕೊಳ್ಳುವ ವಿದ್ಯಾರ್ಥಿಗಳು ಹುಬ್ಬಳ್ಳಿ-ಧಾರವಾಡದಲ್ಲಿ ಬಹಳ. ಹಾಕಿದ ಮೇಲೆ ಬರುವ ದೂರು ಹೆಚ್ಚುಕಡಿಮೆ ಒಂದೇ: "ವೈಫೈ ಕಾರ್ಡಿನ ಹೆಸರ ತೋರಸವಲ್ತರಿ, ಬರೇ ಡಿವೈಸ್ ಅಂತ ಬರ್ತೈತಿ." ಸಿಗುವ ಸಲಹೆಯೂ ಒಂದೇ: ಫಾರ್ಮ್ಯಾಟ್ ಮಾಡಿ ಮತ್ತೆ ಹಾಕಿ. ದಯವಿಟ್ಟು ಅದನ್ನು ಮಾಡಬೇಡಿ. ಅದೇ ಪೆನ್‌ಡ್ರೈವ್‌ನಿಂದ ಮತ್ತೆ ಹಾಕಿದರೆ ಅದೇ ಕರ್ನಲ್ (ಲಿನಕ್ಸ್‌ನ ತಿರುಳು), ಅವೇ ಫೈಲ್‌ಗಳು ಬರುತ್ತವೆ. ತೊಂದರೆ ಇದ್ದಲ್ಲೇ ಇರುತ್ತದೆ.

ಡಿವೈಸ್ ಬಗ್ಗೆ ತೆರೆಯ ಮೇಲೆ ಕಾಣುವ ಮಾಹಿತಿ ಒಂದೇ ಕಡೆಯಿಂದ ಬರುವುದಿಲ್ಲ. ನಂಬರನ್ನು ಕಾರ್ಡೇ ಹೇಳುತ್ತದೆ. ಹೆಸರು ನಿಮ್ಮ ಡಿಸ್ಕ್‌ನಲ್ಲಿರುವ ಒಂದು ಪಟ್ಟಿಯಿಂದ ಬರುತ್ತದೆ. ಕೆಲಸ ಮಾಡಿಸುವುದು ಕರ್ನಲ್‌ನ ಡ್ರೈವರ್. ಮೂರರಲ್ಲಿ ಯಾವುದು ತಪ್ಪಿದೆ ಎಂದು ತಿಳಿಯದೆ ಏನು ಮಾಡಿದರೂ ಕತ್ತಲಲ್ಲಿ ಕೈಯಾಡಿಸಿದಂತೆ. (ಕಮ್ಯಾಂಡ್‌ಗಳನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲೇ ಟೈಪ್ ಮಾಡಬೇಕು.)

ಟರ್ಮಿನಲ್ ತೆರೆದು "ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ" ಕೊಡಿ. ಹಳೆಯ ಉಬುಂಟು 18.04 ಇರುವ, ಎಎಕ್ಸ್200 ವೈಫೈ ಕಾರ್ಡ್ ಹಾಕಿದ ಲ್ಯಾಪ್‌ಟಾಪ್‌ನಲ್ಲಿ ಬರುವ ಸಾಲು ಹೀಗಿರುತ್ತದೆ: ನೆಟ್‌ವರ್ಕ್ ಕಂಟ್ರೋಲರ್ [0280]: ಇಂಟೆಲ್ ಕಾರ್ಪೊರೇಷನ್ ಡಿವೈಸ್ [8086:2723]. 0280 ಎಂದರೆ ಅದು ಯಾವ ಬಗೆಯ ಸಾಧನ ಎನ್ನುವುದು. 8086 ಇಂಟೆಲ್ ಕಂಪನಿಯ ನಂಬರು, ಅವರ ಹಳೆಯ ಪ್ರಸಿದ್ಧ ಪ್ರೊಸೆಸರಿನ ಸಂಖ್ಯೆಯೇ. 2723 ಈ ಕಾರ್ಡಿನದು. ಹೆಸರಿನ ಜಾಗದಲ್ಲಿ ಬರೇ "ಡಿವೈಸ್" ಬಂದಿದ್ದಕ್ಕೆ ಕಾರಣ ಇಷ್ಟೇ: ನಿಮ್ಮ ಪಟ್ಟಿ ತಯಾರಾದಾಗ ಈ ಕಾರ್ಡ್ ಅದರಲ್ಲಿ ಸೇರಿರಲಿಲ್ಲ. ಕಾರ್ಡ್ ಸರಿಯಾಗಿಯೇ ಕೂತಿದೆ, ಕರ್ನಲ್ ಅದನ್ನು ಕಂಡಿದೆ.

ಪಟ್ಟಿಯ ಫೈಲ್ ಹೆಸರು ಪಿಸಿಐ ಡಾಟ್ ಐಡಿಎಸ್. "ಸುಡೊ ಅಪ್‌ಡೇಟ್-ಪಿಸಿಐಐಡಿಎಸ್" ಕೊಟ್ಟರೆ ಹೊಸದು ಇಳಿಯುತ್ತದೆ, ಹೆಸರೂ ಬರುತ್ತದೆ (ಸುಡೊ ಎಂದರೆ ಅಡ್ಮಿನ್ ಅಧಿಕಾರದಲ್ಲಿ ನಡೆಸು ಎಂದು). ಆದರೆ ವೈಫೈ ಬರುವುದಿಲ್ಲ! ಜನ ಎಡವುವುದು ಇಲ್ಲೇ. ಎಎಕ್ಸ್200ಗೆ ಬೆಂಬಲ ಬಂದದ್ದು ಕರ್ನಲ್ 5.1ರಲ್ಲಿ, 18.04 ಬರುವಾಗ ಅದರಲ್ಲಿದ್ದದ್ದು 4.15. ಪಟ್ಟಿ ಬರೇ ನಮ್ಮ ಕಣ್ಣಿಗಾಗಿ, ಡ್ರೈವರ್ ಅದನ್ನು ಓದುವುದೇ ಇಲ್ಲ. ಇಂಥಲ್ಲಿ ಹೊಸ ಆವೃತ್ತಿಗೆ ಹೋಗಬೇಕು. ಅದು ಹಳೆಯದನ್ನೇ ಮತ್ತೆ ಹಾಕಿದಂತಲ್ಲ.

ಯುಎಸ್‌ಬಿ ಸಾಧನಗಳ ಹೆಸರು ಈಗಿನ ಸಿಸ್ಟಮ್‌ಗಳಲ್ಲಿ ಬೇರೆ ಕಡೆಯಿಂದ, ಸಾಧನಗಳನ್ನು ನೋಡಿಕೊಳ್ಳುವ ಯುಡೆವ್ ಎಂಬ ಪ್ರೋಗ್ರಾಂನ ಹಾರ್ಡ್‌ವೇರ್ ಡೇಟಾಬೇಸ್‌ನಿಂದ ಬರುತ್ತದೆ. ಅದು ಕೆಟ್ಟಿದ್ದರೆ "ಸುಡೊ ಸಿಸ್ಟಮ್‌ಡಿ-ಎಚ್‌ಡಬ್ಲ್ಯುಡಿಬಿ ಅಪ್‌ಡೇಟ್" ಸಾಕು.

ಈಗ ಎಲ್‌ಎಸ್‌ಪಿಸಿಐ ಕೊಟ್ಟ ಕಾರ್ಡಿನ ಸಾಲಿನ ಕೆಳಗೆ ನೋಡಿ. "ಕರ್ನಲ್ ಡ್ರೈವರ್ ಇನ್ ಯೂಸ್" ಎಂದಿದ್ದರೆ ಡ್ರೈವರ್ ಹಿಡಿದಿದೆ. ಬರೇ "ಕರ್ನಲ್ ಮಾಡ್ಯೂಲ್ಸ್" ಎಂದಿದ್ದರೆ ಡ್ರೈವರ್ ಇದೆ, ಆದರೆ ಹಿಡಿದಿಲ್ಲ. ಬಹಳ ಸಲ ಫರ್ಮ್‌ವೇರ್ (ಕಾರ್ಡಿನೊಳಗೆ ತುಂಬಬೇಕಾದ ಪುಟ್ಟ ಸಾಫ್ಟ್‌ವೇರ್) ಇಲ್ಲದ್ದೇ ಕಾರಣ, ಇಲ್ಲವೇ ಯಾರೋ ಆ ಮಾಡ್ಯೂಲನ್ನು, ಅಂದರೆ ಡ್ರೈವರ್ ಫೈಲನ್ನು, ಬ್ಲ್ಯಾಕ್‌ಲಿಸ್ಟ್ ಮಾಡಿ ತಡೆದಿರುತ್ತಾರೆ. ಎರಡೂ ಸಾಲು ಇಲ್ಲದಿದ್ದರೆ ಈ ಕರ್ನಲ್‌ಗೆ ಆ ಕಾರ್ಡ್ ಗೊತ್ತಿಲ್ಲ. "ಎಲ್‌ಎಸ್‌ಎಚ್‌ಡಬ್ಲ್ಯು" ಎಂಬ ಕಮ್ಯಾಂಡ್ ಬಳಸುವವರಿಗೆ ಅದೇ ಸಂಗತಿ "ಅನ್‌ಕ್ಲೇಮ್ಡ್" ಎಂದು ಕಾಣುತ್ತದೆ.

ಫರ್ಮ್‌ವೇರ್ ಸಂಶಯವಿದ್ದರೆ "ಸುಡೊ ಡಿಎಂಇಎಸ್‌ಜಿ" ಕೊಟ್ಟು ಕರ್ನಲ್‌ನ ಲಾಗ್‌ನಲ್ಲಿ (ದಾಖಲೆಯಲ್ಲಿ) ಫರ್ಮ್‌ವೇರ್ ಎಂಬ ಪದ ಹುಡುಕಿ. "ಫೇಲ್ಡ್ ವಿತ್ ಎರರ್ -2" ಎಂದರೆ ಆ ಫೈಲೇ ಡಿಸ್ಕ್‌ನಲ್ಲಿಲ್ಲ. ಆದರೆ ಒಂದೆರಡು ಇಂಥ ಸಾಲು ಕಂಡ ಕೂಡಲೇ ಗಾಬರಿ ಬೇಡ. ಇಂಟೆಲ್ ವೈಫೈ ಡ್ರೈವರ್ ಮೊದಲು ಎಲ್ಲಕ್ಕಿಂತ ಹೊಸ ಫರ್ಮ್‌ವೇರ್ ಕೇಳುತ್ತದೆ, ಸಿಗದಿದ್ದರೆ ಒಂದೊಂದೇ ಮೆಟ್ಟಿಲು ಇಳಿಯುತ್ತದೆ. ಕೊನೆಗೆ "ನೋ ಸೂಟಬಲ್ ಫರ್ಮ್‌ವೇರ್ ಫೌಂಡ್" ಬಂದರೆ ಮಾತ್ರ ನಿಜವಾಗಿ ಇಲ್ಲ ಎಂದರ್ಥ.

ಉಬುಂಟುವಿನಲ್ಲಿ ಲಿನಕ್ಸ್-ಫರ್ಮ್‌ವೇರ್ ಪ್ಯಾಕೇಜ್ ಹೊಸದು ಮಾಡಿ. ಡೆಬಿಯನ್‌ನಲ್ಲಿ ಇಂಟೆಲ್‌ಗೆ ಫರ್ಮ್‌ವೇರ್-ಐಡಬ್ಲ್ಯುಎಲ್‌ವೈಫೈ, ರಿಯಲ್‌ಟೆಕ್‌ಗೆ ಫರ್ಮ್‌ವೇರ್-ರಿಯಲ್‌ಟೆಕ್. 2023ರಲ್ಲಿ ಬಂದ ಡೆಬಿಯನ್ 12ರಿಂದ ಇನ್‌ಸ್ಟಾಲರ್‌ನಲ್ಲೇ ಇವು ಇರುತ್ತವೆ. ಡೆಬಿಯನ್ 11ರಿಂದ ಮೇಲೇರಿದವರು ಒಂದು ಗಮನಿಸಬೇಕು: ಇವನ್ನು ನಾನ್-ಫ್ರೀ-ಫರ್ಮ್‌ವೇರ್ ಎಂಬ ಹೊಸ ವಿಭಾಗಕ್ಕೆ ಸಾಗಿಸಿದ್ದಾರೆ. ಪ್ಯಾಕೇಜ್ ಎಲ್ಲಿಂದ ತರಬೇಕು ಎನ್ನುವ ಸೋರ್ಸಸ್ ಪಟ್ಟಿಯಲ್ಲಿ ಹಳೆಯ ನಾನ್-ಫ್ರೀ ಮಾತ್ರ ಇದ್ದರೆ ಫರ್ಮ್‌ವೇರ್ ಹಳೆಯದಾಗಿಯೇ ಉಳಿಯುತ್ತದೆ. ವೈಫೈ ಇಲ್ಲದೆ ಇಳಿಸುವುದು ಹೇಗೆ? ಮೊಬೈಲನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಅದಕ್ಕೆ ಬೇರೆ ಫರ್ಮ್‌ವೇರ್ ಬೇಕಿಲ್ಲ.

ಎಲ್‌ಎಸ್‌ಪಿಸಿಐ ತೋರಿಸುವುದರಲ್ಲಿ ಕಾರ್ಡಿನ ನಂಬರೇ ಇಲ್ಲದಿದ್ದರೆ ಕಥೆ ಬೇರೆ. ಅಲ್ಲಿ ಡ್ರೈವರ್ ಹುಡುಕಿ ಪ್ರಯೋಜನವಿಲ್ಲ. ವೈಫೈ ಕಾರ್ಡ್ ಬದಲಿಸಿದವರು ಕಾರ್ಡಿನ ಮೇಲಿನ ಅಕ್ಷರ ಓದಿ. ಎಎಕ್ಸ್200, ಎಎಕ್ಸ್201 ನೋಡಲು ಅವಳಿಜವಳಿ, ಎಂ.2 ಸ್ಲಾಟ್‌ನಲ್ಲಿ ಎರಡೂ ಕೂರುತ್ತವೆ. ಆದರೆ 201ರ ಅರ್ಧ ಕೆಲಸ ಇಂಟೆಲ್ ಚಿಪ್‌ಸೆಟ್ ಒಳಗೆ ನಡೆಯುತ್ತದೆ. ಎಎಂಡಿ ಲ್ಯಾಪ್‌ಟಾಪ್‌ಗೆ ಹಾಕಿದರೆ ಅದು ಇದ್ದೂ ಇಲ್ಲದಂತೆ. ಅಂಗಡಿಯಲ್ಲಿ ಕೊಳ್ಳುವಾಗಲೇ ಕೇಳಿ.

ಎನ್‌ವಿಎಂಇ ಡಿಸ್ಕ್ (ವೇಗದ ಎಸ್‌ಎಸ್‌ಡಿ) ಕಾಣದಿದ್ದರೆ ಡಿಎಂಇಎಸ್‌ಜಿ ತೋರಿಸುವ ಲಾಗ್‌ನಲ್ಲಿ "ರೀಮ್ಯಾಪ್ಡ್ ಎನ್‌ವಿಎಂಇ" ಎಂಬ ಮಾತು ಹುಡುಕಿ. ಇದ್ದರೆ ಬಯೋಸ್‌ನಲ್ಲಿ (ಯಂತ್ರ ಆನ್ ಆದ ಕೂಡಲೇ ತೆರೆಯಬಹುದಾದ ಸೆಟ್ಟಿಂಗ್ಸ್) ಡಿಸ್ಕ್ ರೇಡ್ ಮೋಡ್‌ನಲ್ಲಿದೆ, ಎಎಚ್‌ಸಿಐ ಮೋಡ್‌ಗೆ ಬದಲಿಸಬೇಕು. ಅದೇ ಯಂತ್ರದಲ್ಲಿ ವಿಂಡೋಸ್ ಉಳಿಸಿಕೊಂಡವರು ಅವಸರ ಮಾಡಬಾರದು. ಮೊದಲು ಬಿಟ್‌ಲಾಕರ್ (ವಿಂಡೋಸ್ ಡಿಸ್ಕ್‌ಗೆ ಹಾಕುವ ಬೀಗ) ರಿಕವರಿ ಕೀ ಬರೆದಿಟ್ಟುಕೊಳ್ಳಿ, ವಿಂಡೋಸನ್ನು ಮುಂದಿನ ಸಲ ಸೇಫ್ ಮೋಡ್‌ನಲ್ಲಿ ಏಳುವ ಹಾಗೆ ಹೊಂದಿಸಿ, ಆಮೇಲೆ ಬಯೋಸ್ ಮುಟ್ಟಿ. ಇಲ್ಲದಿದ್ದರೆ ವಿಂಡೋಸ್ ಏಳುವುದಿಲ್ಲ.

ಟಚ್‌ಪ್ಯಾಡ್ ಎಲ್‌ಎಸ್‌ಪಿಸಿಐ ತೋರಿಸುವುದರಲ್ಲಿ ಇಲ್ಲ ಎಂದು ಚಿಂತಿಸುವುದು ಬೇಡ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಅದು ಐ2ಸಿ ಎಂಬ ಬೇರೆ ದಾರಿಯ ಮೂಲಕ ಜೋಡಣೆಯಾಗಿರುತ್ತದೆ. "ಸುಡೊ ಲಿಬ್‌ಇನ್‌ಪುಟ್ ಲಿಸ್ಟ್-ಡಿವೈಸಸ್" ಅದನ್ನು ತೋರಿಸುತ್ತದೆ.

ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ ಗ್ರಾಫಿಕ್ಸ್ ಮುಂದೆ "ಎಲ್‌ಎಲ್‌ವಿಎಂಪೈಪ್" ಎಂದಿದ್ದರೆ ಗ್ರಾಫಿಕ್ಸ್ ಕೆಲಸವನ್ನು ಪ್ರೊಸೆಸರೇ ಎಳೆಯುತ್ತಿದೆ. ವಿಡಿಯೋ ತಡವರಿಸುತ್ತದೆ, ಫ್ಯಾನ್ ಕೂಗುತ್ತದೆ. ಸೇಫ್ ಗ್ರಾಫಿಕ್ಸ್ ಆಯ್ದು ಇನ್‌ಸ್ಟಾಲ್ ಮಾಡಿದಾಗ ಗ್ರಬ್ (ಲಿನಕ್ಸನ್ನು ಎಬ್ಬಿಸುವ ಪ್ರೋಗ್ರಾಂ) ಫೈಲ್‌ನಲ್ಲಿ "ನೋಮೋಡ್‌ಸೆಟ್" ಉಳಿದಿರುವುದು ಇದಕ್ಕೊಂದು ಸಾಮಾನ್ಯ ಕಾರಣ. ಅದನ್ನು ಅಳಿಸಿ "ಸುಡೊ ಅಪ್‌ಡೇಟ್-ಗ್ರಬ್" ಕೊಟ್ಟು ರೀಸ್ಟಾರ್ಟ್ ಮಾಡಿ.

ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟ್‌ಗೆ ಕೊಳ್ಳುವ ಕಡಿಮೆ ಬೆಲೆಯ ಆರ್ಡುಯಿನೊ ಬೋರ್ಡ್‌ಗಳಲ್ಲಿ ಬಹಳ ಸಲ ಯುಎಸ್‌ಬಿ ಜೋಡಣೆಗೆ ಸಿಎಚ್340 ಚಿಪ್ ಇರುತ್ತದೆ. ಅದರ ನಂಬರು 1ಎ86:7523. ಉಬುಂಟು 22.04ರಲ್ಲಿ ಬೋರ್ಡ್ ಚುಚ್ಚಿದ ಕೂಡಲೇ ಪೋರ್ಟ್ ಬಂದು ಮಾಯವಾದರೆ ಕೇಬಲನ್ನು ಬೈಯಬೇಡಿ. ಕೆಲವು ಬ್ರೈಲ್ ಯಂತ್ರಗಳಿಗೂ ಇದೇ ನಂಬರು ಇರುವುದರಿಂದ ಬಿಆರ್‌ಎಲ್‌ಟಿಟಿವೈ ಎಂಬ ಪ್ರೋಗ್ರಾಂ ಅದನ್ನು ಕಸಿದುಕೊಳ್ಳುತ್ತದೆ. ಲಾಗ್‌ನಲ್ಲಿ ಅದರ ಹೆಸರೇ ಬರೆದಿರುತ್ತದೆ. ಮನೆಯಲ್ಲಿ ಯಾರೂ ಬ್ರೈಲ್ ಯಂತ್ರ ಬಳಸದಿದ್ದರೆ ಮಾತ್ರ ಆ ಪ್ಯಾಕೇಜ್ ತೆಗೆಯಿರಿ. ಪೋರ್ಟ್ ನಿಂತ ಮೇಲೂ ಅನುಮತಿ ಇಲ್ಲ ಎಂದರೆ ನಿಮ್ಮ ಯೂಸರನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಬನ್ನಿ.

ಇನ್ನು ಸುಡೊ ಮರೆತದ್ದರಿಂದಲೇ ಕಾಣೆಯಾಗುವ ಮಾಹಿತಿಯೂ ಬಹಳ. ಸಾಮಾನ್ಯ ಯೂಸರ್‌ಗೆ ಕಾರ್ಡಿನ ಕಾನ್ಫಿಗರೇಷನ್‌ನ ಮೊದಲ 64 ಬೈಟ್ ಮಾತ್ರ ಓದಲು ಬಿಡುತ್ತಾರೆ, ಉಳಿದದ್ದಕ್ಕೆ "ಆಕ್ಸೆಸ್ ಡಿನೈಡ್". ಯಾವ ಸ್ಲಾಟ್‌ನಲ್ಲಿ ಎಷ್ಟು ಜಿಬಿ ರ್‍ಯಾಮ್ ಇದೆ ಎಂಬುದು "ಸುಡೊ ಡಿಎಂಐಡಿಕೋಡ್ -ಟಿ ಮೆಮೊರಿ" ಕೊಟ್ಟರೆ ಬರುತ್ತದೆ, ಸುಡೊ ಬಿಟ್ಟರೆ ಬರುವುದಿಲ್ಲ. ಗದಗ, ಹಾವೇರಿ ಕಡೆಯ ಅಸೆಂಬಲ್ ಮಾಡಿಸಿದ ಸಿಸ್ಟಮ್‌ಗಳಲ್ಲಿ ಮಾಡೆಲ್ ಹೆಸರಿನ ಬದಲು "ಟು ಬಿ ಫಿಲ್ಡ್ ಬೈ ಒಇಎಂ" ಅಂತ ಬಂದರೆ ಅದು ಲಿನಕ್ಸ್ ತಪ್ಪಲ್ಲ: ಬಯೋಸ್‌ನ ಆ ಖಾನೆಯನ್ನು ಯಾರೂ ತುಂಬಿಲ್ಲ. ಆಗ ಬೋರ್ಡಿನ ಹೆಸರನ್ನು "ಸುಡೊ ಡಿಎಂಐಡಿಕೋಡ್ -ಟಿ 2"ರಲ್ಲಿ ಹುಡುಕಿ, ಅಲ್ಲೂ ಇಲ್ಲದಿದ್ದರೆ ಕ್ಯಾಬಿನೆಟ್ ಬಿಚ್ಚಿ ಬೋರ್ಡಿನ ಮೇಲೆ ಅಚ್ಚಾದದ್ದನ್ನು ಓದಿ. ಈ ಕಮ್ಯಾಂಡ್‌ಗಳ ಫಲಿತಾಂಶವನ್ನು ಬೇರೆಯವರಿಗೆ ಕಳಿಸುವ ಮುಂಚೆ ಸೀರಿಯಲ್ ನಂಬರು, ಯುಯುಐಡಿ (ಆ ಯಂತ್ರಕ್ಕೆ ಮಾತ್ರ ಇರುವ ಗುರುತು) ಸಾಲುಗಳನ್ನು ಅಳಿಸಿಯೇ ಕಳಿಸಿ.